ಚಿತ್ರದಲ್ಲಿರುವ ದೇಹವನ್ನು ಗಣಕವು ಗುರುತಿಸುವ ಬಗೆ



2015ರ ಜೂನ್ 21ರ ಮುಂಜಾನೆ ಇದೇ ನಗರದ ರಾಜಪಥದಲ್ಲಿ, ಅಂದರೆ 2022ರಿಂದ ಕರ್ತವ್ಯಪಥವೆಂದು ಕರೆಯಲಾಗುತ್ತಿರುವ ರಸ್ತೆಯಲ್ಲಿ, 35,985 ಜನರು ಏಕಕಾಲದಲ್ಲಿ ಯೋಗಾಸನಗಳನ್ನು ಮಾಡಿದರು. ಅವರಲ್ಲಿ 84 ದೇಶಗಳ ಪ್ರಜೆಗಳಿದ್ದರು. ಮೊದಲನೆಯ ಅಂತಾರಾಷ್ಟ್ರೀಯ ಯೋಗ ದಿನದ ಆ ದೃಶ್ಯದ ಛಾಯಾಚಿತ್ರಗಳನ್ನು ತಾವೆಲ್ಲರೂ ಪತ್ರಿಕೆಗಳಲ್ಲಿ ನೋಡಿರುತ್ತೀರಿ. ತಮ್ಮಲ್ಲಿ ಕೆಲವರು ಆ ಚಾಪೆಗಳ ಮೇಲೆಯೇ ಇದ್ದಿರಲೂಬಹುದು. ಅಂಥದೊಂದು ಚಿತ್ರವನ್ನು ಐದು ವರ್ಷದ ಮಗುವಿನ ಮುಂದೆ ಹಿಡಿದು, ಮೂರನೆಯ ಸಾಲಿನಲ್ಲಿರುವ ತಾತನ ಮೊಣಕೈ ಎಲ್ಲಿದೆ ಎಂದು ಕೇಳಿದರೆ ಮಗು ತಡವಿಲ್ಲದೆ ಬೆರಳಿಟ್ಟು ತೋರಿಸುತ್ತದೆ. ಅದೇ ಪ್ರಶ್ನೆಯನ್ನು ಗಣಕಯಂತ್ರಕ್ಕೆ ಕೇಳಿ ನಂಬಬಹುದಾದ ಉತ್ತರ ಪಡೆಯಲು ವಿಜ್ಞಾನಿಗಳಿಗೆ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು.

ಈ ವಿದ್ಯೆಗೆ ಇಂಗ್ಲಿಷಿನಲ್ಲಿ ‘ಪೋಸ್ ಎಸ್ಟಿಮೇಶನ್’ ಎಂಬ ಹೆಸರಿದೆ. ಕನ್ನಡದಲ್ಲಿ ಇದನ್ನು ‘ಅಂಗಭಂಗಿಯ ಅಂದಾಜು’ ಎನ್ನಬಹುದು. ಅಂದಾಜು ಎಂಬ ಮಾತನ್ನು ದಯವಿಟ್ಟು ಲಕ್ಷ್ಯದಲ್ಲಿಟ್ಟುಕೊಳ್ಳಬೇಕು. ಯಂತ್ರವು ದೇಹವನ್ನು ಅಳೆಯುವುದಿಲ್ಲ, ಊಹಿಸುತ್ತದೆ. ಆ ಊಹೆ ಎಲ್ಲಿ ನಿಜವಾಗುತ್ತದೆ, ಎಲ್ಲಿ ತಪ್ಪುತ್ತದೆ, ತಪ್ಪಿದರೆ ಅದರ ಹೊರೆ ಯಾರ ಮೇಲೆ ಬೀಳುತ್ತದೆ ಎಂಬುದೇ ಈ ದಿನದ ನನ್ನ ವಿಷಯ.

ಮೊದಲಿಗೆ ಯಂತ್ರಕ್ಕೆ ಕಾಣುವುದೇನು ಎಂಬುದನ್ನು ನೋಡೋಣ. ಛಾಯಾಚಿತ್ರವೆಂಬುದು ಗಣಕಕ್ಕೆ ಬರಿಯ ಅಂಕಿಗಳ ಕೋಷ್ಟಕ. ಚಿತ್ರವನ್ನು ಲಕ್ಷಾಂತರ ಸಣ್ಣ ಚೌಕಗಳಾಗಿ ವಿಂಗಡಿಸಿ, ಪ್ರತಿಯೊಂದು ಚೌಕದಲ್ಲಿಯೂ ಕೆಂಪು, ಹಸಿರು, ನೀಲಿ ಬಣ್ಣಗಳು ಎಷ್ಟೆಷ್ಟಿವೆ ಎಂಬುದನ್ನು ಸಾಮಾನ್ಯವಾಗಿ 0ಯಿಂದ 255ರವರೆಗಿನ ಅಂಕಿಗಳಲ್ಲಿ ಬರೆದಿಡಲಾಗಿರುತ್ತದೆ. ಈ ಚೌಕಗಳನ್ನೇ ಪಿಕ್ಸೆಲ್ ಎನ್ನುತ್ತಾರೆ. ಅಲ್ಲಿ ಕೈಯೂ ಇಲ್ಲ, ಕಾಲೂ ಇಲ್ಲ. ಮೋಡ ಮುಸುಕಿದಾಗ ಅದೇ ಮೊಣಕೈಯ ಅಂಕಿಗಳೆಲ್ಲವೂ ಬದಲಾಗುತ್ತವೆ. ಅಂಗಿಯ ತೋಳನ್ನು ಮಡಿಸಿದರೆ ಇನ್ನೊಮ್ಮೆ ಬದಲಾಗುತ್ತವೆ. ಇಷ್ಟು ಬದಲಾವಣೆಗಳ ನಡುವೆಯೂ ‘ಇದು ಮೊಣಕೈ’ ಎಂದು ಹೇಳಬಲ್ಲ ನಿಯಮವನ್ನು ಕಂಡುಕೊಳ್ಳುವುದು ಸುಲಭವಾಗಿರಲಿಲ್ಲ.

ಮನುಷ್ಯನ ಭಂಗಿಯನ್ನು ಅರಿಯಲು ಇಡೀ ದೇಹವೇನೂ ಬೇಕಾಗಿಲ್ಲ, ಕೆಲವು ಬಿಂದುಗಳು ಸಾಕು ಎಂಬ ತಿಳಿವಳಿಕೆ ಮಾತ್ರ ಹಳೆಯದು. ಫ್ರಾನ್ಸಿನ ಶರೀರಕ್ರಿಯಾ ವಿಜ್ಞಾನಿ ಎತಿಯೆನ್ ಜೂಲ್ ಮಾರೆ 1880ರ ದಶಕದಲ್ಲಿ ಒಬ್ಬ ಮನುಷ್ಯನಿಗೆ ತಲೆಯಿಂದ ಕಾಲಿನವರೆಗೆ ಕಪ್ಪು ಉಡುಪು ತೊಡಿಸಿ, ಕೈಕಾಲುಗಳ ಉದ್ದಕ್ಕೆ ಬಿಳಿಯ ಪಟ್ಟಿಗಳನ್ನೂ ಕೀಲುಗಳಿಗೆ ಬಿಳಿಯ ಗುಂಡಿಗಳನ್ನೂ ಹಚ್ಚಿ, ಆತ ನಡೆಯುವುದನ್ನು ಒಂದೇ ಫಲಕದ ಮೇಲೆ ಮತ್ತೆ ಮತ್ತೆ ಸೆರೆಹಿಡಿದ. ಚಿತ್ರದಲ್ಲಿ ಮನುಷ್ಯ ಮಾಯವಾಗಿ ನಡಿಗೆ ಮಾತ್ರ ಉಳಿಯಿತು. 1973ರಲ್ಲಿ ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಗುನ್ನಾರ್ ಯೋಹಾನ್ಸನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕತ್ತಲೆಯಲ್ಲಿ ನಡೆಯುವವರ ಕೀಲುಗಳಿಗೆ ಹತ್ತು ಹನ್ನೆರಡು ಬೆಳಕಿನ ಚುಕ್ಕೆಗಳನ್ನು ಅಂಟಿಸಿ ಚಿತ್ರೀಕರಿಸಿದರು. ಚುಕ್ಕೆಗಳು ನಿಶ್ಚಲವಾಗಿದ್ದಾಗ ನೋಡುಗರಿಗೆ ಅವು ಚೆಲ್ಲಾಪಿಲ್ಲಿಯಾದ ದೀಪಗಳಂತೆ ಕಂಡವು. ಚಲಿಸತೊಡಗಿದೊಡನೆ, ಒಂದು ಸೆಕೆಂಡು ಕಳೆಯುವ ಮೊದಲೇ, ಮನುಷ್ಯ ನಡೆಯುತ್ತಿದ್ದಾನೆಂದು ಎಲ್ಲರೂ ಹೇಳಿದರು.

ಅದೇ 1973ರಲ್ಲಿ ಅಮೆರಿಕದಲ್ಲಿ ಫಿಶ್ಲರ್ ಮತ್ತು ಎಲ್ಷ್ಲಾಗರ್ ಎಂಬಿಬ್ಬರು ಗಣಕಕ್ಕೆ ಒಂದು ಉಪಾಯವನ್ನು ಸೂಚಿಸಿದರು. ವಸ್ತುವೊಂದನ್ನು ಬಿಡಿ ಭಾಗಗಳಾಗಿ ಕಲ್ಪಿಸಿಕೊಳ್ಳಿ. ಆ ಭಾಗಗಳ ನಡುವೆ ಸ್ಪ್ರಿಂಗುಗಳಿವೆಯೆಂದು ಭಾವಿಸಿ. ಪ್ರತಿಯೊಂದು ಭಾಗವೂ ಚಿತ್ರದಲ್ಲಿ ತನಗೆ ಹೊಂದುವ ಜಾಗವನ್ನು ಹುಡುಕಲಿ, ಆದರೆ ಸ್ಪ್ರಿಂಗು ವಿಪರೀತ ಎಳೆಯದಂತಿರಲಿ. ಮುಂಗೈ ಎಲ್ಲಿ ಬೇಕಾದರೂ ತಿರುಗಬಹುದು, ಆದರೆ ಮೊಣಕೈಯನ್ನು ಬಿಟ್ಟು ಹೋಗುವಂತಿಲ್ಲ. ನಮ್ಮ ತೊಗಲುಬೊಂಬೆಯಾಟವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅಂದಿನ ಗಣಕಗಳ ಶಕ್ತಿ ಈ ಉಪಾಯಕ್ಕೆ ಸಾಲುತ್ತಿರಲಿಲ್ಲ. ಮೂವತ್ತು ವರ್ಷಗಳ ಬಳಿಕವೇ ಅದು ಪ್ರಯೋಗಾಲಯಗಳಲ್ಲಿ ಮರುಹುಟ್ಟು ಪಡೆಯಿತು.

ಜನಸಾಮಾನ್ಯರ ಮನೆಗೆ ಈ ವಿದ್ಯೆ ಬಂದದ್ದು ಆಟಿಕೆಯ ರೂಪದಲ್ಲಿ. 2010ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ‘ಕೈನೆಕ್ಟ್’ ಎಂಬ ಸಾಧನವನ್ನು ಮಾರುಕಟ್ಟೆಗೆ ತಂದಿತು. ಅದರ ಮುಂದೆ ನಿಂತು ಕೈಬೀಸಿದರೆ ದೂರದರ್ಶನದ ಪರದೆಯ ಮೇಲಿನ ಆಟಗಾರನೂ ಕೈಬೀಸುತ್ತಿದ್ದ. ಆ ಸಾಧನ ಈಗ ತಯಾರಾಗುತ್ತಿಲ್ಲ. ಅದರ ವಿಶೇಷವೆಂದರೆ ಅದರ ಕ್ಯಾಮೆರಾ ಬಣ್ಣವನ್ನಷ್ಟೇ ಅಲ್ಲದೆ ದೂರವನ್ನೂ ಅಳೆಯುತ್ತಿತ್ತು. ಸಾಧಾರಣ ಛಾಯಾಚಿತ್ರದಿಂದಲೇ ಕೀಲುಗಳನ್ನು ಗುರುತಿಸುವ ನಿಜವಾದ ತಿರುವು 2014ರಲ್ಲಿ ಬಂದಿತು. ಗೂಗಲ್ ಸಂಸ್ಥೆಯ ತೋಷೆವ್ ಮತ್ತು ಸೆಗೆಡಿ ಎಂಬ ಸಂಶೋಧಕರು ನರಜಾಲಗಳೆಂದು ಕರೆಯಲಾಗುವ ಗಣನವಿಧಾನವನ್ನು ಈ ಕೆಲಸಕ್ಕೆ ಬಳಸಿದರು.

ನರಜಾಲಕ್ಕೆ ಯಾರೂ ನಿಯಮಗಳನ್ನು ಬರೆದುಕೊಡುವುದಿಲ್ಲ. ಅದಕ್ಕೆ ಸಾವಿರಾರು ಚಿತ್ರಗಳನ್ನು ತೋರಿಸಲಾಗುತ್ತದೆ; ಪ್ರತಿ ಚಿತ್ರದಲ್ಲಿಯೂ ಮನುಷ್ಯರೇ ಕುಳಿತು ಭುಜ, ಮೊಣಕೈ, ಮಣಿಕಟ್ಟುಗಳ ಮೇಲೆ ಒಂದೊಂದು ಚುಕ್ಕೆ ಇಟ್ಟಿರುತ್ತಾರೆ. ಯಂತ್ರ ಊಹಿಸುತ್ತದೆ, ಚುಕ್ಕೆಯಿಂದ ಎಷ್ಟು ದೂರ ತಪ್ಪಿತೆಂದು ನೋಡುತ್ತದೆ, ತನ್ನೊಳಗಿನ ಲಕ್ಷಾಂತರ ಅಂಕಿಗಳನ್ನು ತುಸು ತಿದ್ದಿಕೊಳ್ಳುತ್ತದೆ, ಮತ್ತೆ ಊಹಿಸುತ್ತದೆ. ಹೀಗೆ ಪಳಗಿದ ಮೇಲೆ, ಹೊಸ ಚಿತ್ರವೊಂದನ್ನು ಕೊಟ್ಟಾಗ ಅದು ಪ್ರತಿಯೊಂದು ಕೀಲಿಗೂ ಒಂದೊಂದು ನಕ್ಷೆಯನ್ನು ಬಿಡಿಸುತ್ತದೆ. ಬಲ ಮಣಿಕಟ್ಟು ಇರುವ ಸಂಭವ ಎಲ್ಲಿ ಹೆಚ್ಚೋ ಆ ನಕ್ಷೆ ಅಲ್ಲಿ ಪ್ರಕಾಶಮಾನವಾಗಿರುತ್ತದೆ, ಸಂಭವವಿಲ್ಲದೆಡೆ ಕತ್ತಲೆ. ಅತಿ ಹೆಚ್ಚು ಬೆಳಗಿದ ಸ್ಥಾನವನ್ನೇ ಕೀಲು ಎಂದು ಸ್ವೀಕರಿಸಲಾಗುತ್ತದೆ.

ಒಬ್ಬರೇ ಇರುವ ಚಿತ್ರದಲ್ಲಿ ಇಷ್ಟು ಸಾಕು. ಸಂಜೆ ಆರು ಗಂಟೆಗೆ ರಾಜೀವ್ ಚೌಕದಲ್ಲಿ ಮೆಟ್ರೊ ಹತ್ತುವವರನ್ನು ನೆನಪಿಸಿಕೊಳ್ಳಿ. ಮೇಲಿನ ಹಿಡಿಕೆಗೆ ಹದಿನೈದು ಕೈಗಳು ಜೋತುಬಿದ್ದಿರುತ್ತವೆ. ಕೈಗಳೇನೋ ಕಂಡವು, ಯಾವ ಕೈ ಯಾರದು? ಈ ಸಮಸ್ಯೆಗೆ ಎರಡು ದಾರಿಗಳಿವೆ. ಮೊದಲು ಒಬ್ಬೊಬ್ಬ ಮನುಷ್ಯನ ಸುತ್ತ ಚೌಕಟ್ಟು ಹಾಕಿ, ಆಮೇಲೆ ಅದರೊಳಗೆ ಕೀಲುಗಳನ್ನು ಹುಡುಕುವುದು ಒಂದು. ಜನ ಹೆಚ್ಚಿದಷ್ಟೂ ಈ ದಾರಿಯಲ್ಲಿ ಕೆಲಸ ಹೆಚ್ಚುತ್ತದೆ. ಇಡೀ ಚಿತ್ರದ ಎಲ್ಲ ಕೀಲುಗಳನ್ನೂ ಒಮ್ಮೆಗೇ ಹುಡುಕಿ ಬಳಿಕ ಜೋಡಿಸುವುದು ಇನ್ನೊಂದು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ತಂಡವು 2017ರಲ್ಲಿ ಎರಡನೆಯ ದಾರಿಯನ್ನು ಹಸನುಗೊಳಿಸಿತು. ‘ಓಪನ್‌ಪೋಸ್’ ಎಂಬ ಅವರ ಕಾರ್ಯಕ್ರಮವು ಕೀಲುಗಳ ಜೊತೆಗೆ, ಅವುಗಳ ನಡುವಿನ ಎಲುಬು ಯಾವ ದಿಕ್ಕಿಗೆ ಚಾಚಿದೆ ಎಂಬುದನ್ನೂ ಸಣ್ಣ ಸಣ್ಣ ಬಾಣಗಳಂತೆ ಗುರುತಿಸುತ್ತದೆ. ಮಣಿಕಟ್ಟಿನಿಂದ ಹೊರಟ ಬಾಣಗಳ ಸಾಲು ಯಾವ ಮೊಣಕೈಗೆ ಮುಟ್ಟುತ್ತದೆಯೋ ಆ ಕೈ ಅವರದು.

ಇಂದು ತಮ್ಮ ಜೇಬಿನಲ್ಲಿರುವ ಮೊಬೈಲ್ ದೂರವಾಣಿಯೇ ಈ ಎಲ್ಲ ಲೆಕ್ಕಾಚಾರವನ್ನು ಕಣ್ಣೆದುರೇ ಮಾಡಿ ತೋರಿಸಬಲ್ಲದು. ಅಂಥದೊಂದು ಕಾರ್ಯಕ್ರಮವನ್ನು ನಾನು ಮನೆಯಲ್ಲಿ ಪರೀಕ್ಷಿಸಿ ನೋಡಿದೆ. ಅದರ ಹೆಸರು ಇಲ್ಲಿ ಬೇಡ. ಕುರ್ಚಿಯ ಪಕ್ಕದಲ್ಲಿ ಷರಾಯಿ ತೊಟ್ಟು ನಿಂತ ನನ್ನ ಮೇಲೆ ಅದು ಚೊಕ್ಕವಾದ ಅಸ್ಥಿಪಂಜರವನ್ನು ಬರೆಯಿತು. ಬಳಿಕ ನನ್ನ ತಾಯಿಯವರು ಸೀರೆಯುಟ್ಟು ನಿಂತರು. ಯಂತ್ರವು ಅವರ ಮೊಣಕಾಲನ್ನು ನೆರಿಗೆಗಳ ನಡುವೆ ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ಇಟ್ಟಿತು. ಚುಕ್ಕೆ ಒಂದು ಕ್ಷಣವೂ ನಿಲ್ಲಲಿಲ್ಲ. ಅವರು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತಾಗ ಎಡಗಾಲು ಬಲಗಾಲಾಯಿತು. “ಇದಕ್ಕೆ ನಮ್ಮ ಕಡೆಯವರ ಪರಿಚಯವಿಲ್ಲ ಕಣೋ” ಎಂದು ಅವರು ನಕ್ಕರು.

ಅವರ ಮಾತು ವಿಜ್ಞಾನದ ದೃಷ್ಟಿಯಿಂದಲೂ ಸರಿಯಾಗಿದೆ. ಈ ಯಂತ್ರಗಳಿಗೆ ಪಾಠವಾದ ಚಿತ್ರಸಂಗ್ರಹಗಳಲ್ಲಿ ಪ್ರಸಿದ್ಧವಾದದ್ದೊಂದು ‘ಕೋಕೋ’. ಅದರ ಚಿತ್ರಗಳು ಬಂದದ್ದು ಫ್ಲಿಕರ್ ಎಂಬ ಜಾಲತಾಣದಿಂದ. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯು 2014ರಲ್ಲಿ ಹೊರತಂದ ಸುಮಾರು 25,000 ಚಿತ್ರಗಳ ಸಂಗ್ರಹ ಯೂಟ್ಯೂಬ್ ದೃಶ್ಯಗಳಿಂದ ಆಯ್ದದ್ದು. ಅವುಗಳಲ್ಲಿ ಸ್ಕೀ ಜಾರುವವರೂ ಟೆನಿಸ್ ಆಡುವವರೂ ಧಾರಾಳವಾಗಿದ್ದಾರೆ. ಸೀರೆಯುಟ್ಟು ಕೊಡ ಹೊತ್ತವರು, ಪಂಚೆಯನ್ನು ಎತ್ತಿಕಟ್ಟಿ ಗದ್ದೆಯಲ್ಲಿ ಬಾಗಿದವರು, ಗುರುಗ್ರಾಮದ ಕಟ್ಟಡದ ನೆರಳಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಇಟ್ಟಿಗೆ ಜೋಡಿಸುವವರು ಅಂಥ ಸಂಗ್ರಹಗಳಲ್ಲಿ ವಿರಳ. ಇದರ ಮೇಲೆ ಇನ್ನೊಂದು ತೊಡಕಿದೆ. ಬಟ್ಟೆಯ ಮರೆಯಲ್ಲಿರುವ ಕೀಲನ್ನು ಗುರುತು ಹಾಕುವ ಮನುಷ್ಯನೂ ಊಹಿಸಿಯೇ ಚುಕ್ಕೆ ಇಡುತ್ತಾನೆ. ಹೀಗೆ ಮರೆಯಾದ ಮೊಣಕಾಲಿನ ವಿಷಯದಲ್ಲಿ ಯಂತ್ರ ಕಲಿಯುವುದು ದೇಹವನ್ನಲ್ಲ, ಮತ್ತೊಬ್ಬರ ಊಹೆಯನ್ನು.

ಉತ್ತರ ಸರಿಯೆಂದು ನಿರ್ಣಯಿಸುವ ಅಳತೆಗೋಲನ್ನೂ ಸ್ವಲ್ಪ ನೋಡಬೇಕು. ಬಹುವಾಗಿ ಬಳಕೆಯಲ್ಲಿರುವ ಒಂದು ಪದ್ಧತಿಯ ಪ್ರಕಾರ, ಯಂತ್ರದ ಚುಕ್ಕೆಯು ನಿಜವಾದ ಸ್ಥಾನದಿಂದ ಆ ವ್ಯಕ್ತಿಯ ತಲೆಯ ಅಳತೆಯ ಅರ್ಧದಷ್ಟು ಅಂತರದೊಳಗಿದ್ದರೆ ಅದನ್ನು ಸರಿಯೆಂದೇ ಎಣಿಸಲಾಗುತ್ತದೆ. ಅಂದರೆ ಸರಿಸುಮಾರು ಅರ್ಧ ಗೇಣು. ಆಟಕ್ಕೆ ಇದು ಸಾಕು. ಮೊಣಕಾಲಿನ ಶಸ್ತ್ರಚಿಕಿತ್ಸೆಯಾದವರ ನಡಿಗೆಯನ್ನು ಪರೀಕ್ಷಿಸುವ ವೈದ್ಯರಿಗೆ ಸಾಲದು. ಜಾಹೀರಾತಿನಲ್ಲಿ ‘ಶೇಕಡಾ ತೊಂಬತ್ತು ನಿಖರ’ ಎಂಬ ಮಾತು ಕಂಡಾಗ, ಯಾವ ಅಳತೆಗೋಲಿನಿಂದ ಎಂದು ಕೇಳುವ ಅಧಿಕಾರ ನಮಗಿದೆ.

ಯೋಗಕ್ಕೆ ಮರಳೋಣ. ಆಸನಗಳನ್ನು ಯಂತ್ರದಿಂದ ಗುರುತಿಸುವ ಪ್ರಯತ್ನಗಳು ನಮ್ಮಲ್ಲಿ ನಡೆದಿವೆ. 2020ರಲ್ಲಿ ಗಾಂಧಿನಗರದ ಭಾರತೀಯ ತಂತ್ರಜ್ಞಾನ ಸಂಸ್ಥೆ ಮತ್ತು ಜಪಾನಿನ ಒಸಾಕಾ ವಿಶ್ವವಿದ್ಯಾಲಯದ ಸಂಶೋಧಕರು 82 ಆಸನಗಳ ಸುಮಾರು 28,400 ಚಿತ್ರಗಳ ಸಂಗ್ರಹವನ್ನು ಪ್ರಕಟಿಸಿದರು. ಆಸನದ ಹೆಸರು ಹೇಳುವುದು ಒಂದು, ತಪ್ಪನ್ನು ತಿದ್ದುವುದು ಇನ್ನೊಂದು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿ, ಮೈಸೂರಿನಲ್ಲಿ ಟಿ. ಕೃಷ್ಣಮಾಚಾರ್ಯರಲ್ಲಿ ಯೋಗ ಕಲಿತ ಬಿ.ಕೆ.ಎಸ್. ಅಯ್ಯಂಗಾರ್ ಅವರು 1966ರಲ್ಲಿ ಇಂಗ್ಲಿಷಿನಲ್ಲಿ ಹೊರತಂದ ಯೋಗಗ್ರಂಥದಲ್ಲಿ ಸುಮಾರು 600 ಛಾಯಾಚಿತ್ರಗಳಿವೆ. ಆ ಚಿತ್ರಗಳನ್ನು ಪಕ್ಕದಲ್ಲಿಟ್ಟುಕೊಂಡು ಕೋಕೋ ಸಂಗ್ರಹದ 17 ಬಿಂದುಗಳನ್ನು ಎಣಿಸಿ: ಮೂಗು, ಕಣ್ಣುಗಳು, ಕಿವಿಗಳು, ಭುಜಗಳು, ಮೊಣಕೈಗಳು, ಮಣಿಕಟ್ಟುಗಳು, ಸೊಂಟದ ಎರಡು ಕೀಲುಗಳು, ಮೊಣಕಾಲುಗಳು, ಕಾಲಿನ ಹರಡುಗಳು. ಭುಜಕ್ಕೂ ಸೊಂಟಕ್ಕೂ ನಡುವೆ ಒಂದೇ ಒಂದು ಬಿಂದುವೂ ಇಲ್ಲ. ಬೆನ್ನುಮೂಳೆಯೇ ಇಲ್ಲ! ಯೋಗಗುರುಗಳು ದಿನಕ್ಕೆ ನೂರು ಸಲ ಹೇಳುವ ‘ಬೆನ್ನು ನೆಟ್ಟಗಿರಲಿ’ ಎಂಬ ಮಾತನ್ನು ಈ ಯಂತ್ರ ಹೇಳಲಾರದು. 2020ರಲ್ಲಿ ಗೂಗಲ್ ಹೊರತಂದ ವಿಧಾನದಲ್ಲಿ ಬಿಂದುಗಳು 33ಕ್ಕೆ ಏರಿದವು. ಹೆಚ್ಚಿದವು ಮುಖ, ಬೆರಳು ಮತ್ತು ಪಾದಗಳಲ್ಲಿ. ಬೆನ್ನು ಹಾಗೆಯೇ ಉಳಿಯಿತು.

ಇನ್ನು ಆಳದ ಪ್ರಶ್ನೆ. ಒಂದೇ ಚಿತ್ರದಲ್ಲಿ ಕೈ ಮುಂದಕ್ಕೆ ಚಾಚಿದೆಯೋ ಹಿಂದಕ್ಕೋ ಎಂಬುದು ಅನೇಕ ಸಲ ತಿಳಿಯುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರ್. ವೆಂಕಟೇಶ್ ಬಾಬು ಅವರ ಬಳಗವು 2020ರಲ್ಲಿ, ಯಾರೂ ಗುರುತು ಹಾಕದ ವಿಡಿಯೊಗಳಿಂದಲೇ ಮೂರು ಆಯಾಮಗಳ ಭಂಗಿಯನ್ನು ಕಲಿಯುವ ವಿಧಾನವೊಂದನ್ನು ಪ್ರಕಟಿಸಿತು. ಗುರುತು ಹಾಕುವ ಶ್ರಮ ತಪ್ಪಿದರೆ ನಮ್ಮ ಉಡುಪು, ನಮ್ಮ ಕೂರುವ ರೀತಿ ಇವುಗಳನ್ನು ಕಲಿಸುವುದೂ ಸುಲಭವಾದೀತು ಎಂಬ ಕಾರಣಕ್ಕೆ ಇಂಥ ಕೆಲಸವನ್ನು ನಾನು ಮುಖ್ಯವೆಂದು ಭಾವಿಸುತ್ತೇನೆ.

ಈ ವಿದ್ಯೆಯಿಂದ ಅತ್ಯಂತ ಹೆಚ್ಚಿನ ನಿರೀಕ್ಷೆಯಿರುವುದು ಕೈಗಳಿಂದಲೇ ಮಾತನಾಡುವವರಿಗೆ. 2011ರ ಜನಗಣತಿಯಂತೆ ದೇಶದಲ್ಲಿ ಶ್ರವಣದೋಷವುಳ್ಳವರ ಸಂಖ್ಯೆ 50 ಲಕ್ಷಕ್ಕೂ ಹೆಚ್ಚು. 2015ರ ಸೆಪ್ಟೆಂಬರ್ 28ರಂದು ನವದೆಹಲಿಯಲ್ಲಿ ಭಾರತೀಯ ಸಂಜ್ಞಾಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರವು ಸ್ಥಾಪನೆಯಾಯಿತು. ಆ ಕೇಂದ್ರವು 2018ರಲ್ಲಿ 3,000 ಪದಗಳ ನಿಘಂಟನ್ನು ಹೊರತಂದಿತು. 2019ರಲ್ಲಿ ಅದು 6,000ಕ್ಕೆ, 2021ರಲ್ಲಿ 10,000ಕ್ಕೆ ಬೆಳೆಯಿತು. ಈ ನಿಘಂಟಿನ ಪುಟವೆಂದರೆ ವಿಡಿಯೊ; ಅದರ ಅಕ್ಷರಗಳೆಂದರೆ ಬೆರಳು, ಮಣಿಕಟ್ಟು, ಭುಜಗಳ ಚಲನೆ.

ಇಲ್ಲಿ ಭಂಗಿಯ ಅಂದಾಜು ಏಕೆ ಉಪಯುಕ್ತ? ಒಂದು ಅಂಗೈಗೆ 21 ಬಿಂದುಗಳನ್ನು ಗುರುತಿಸಿದರೆ, ಹಿನ್ನೆಲೆಯ ಗೋಡೆ, ಅಂಗಿಯ ಬಣ್ಣ, ಕೊಠಡಿಯ ಬೆಳಕು ಇವೆಲ್ಲವೂ ಬಿಟ್ಟುಹೋಗಿ ಚಲನೆ ಮಾತ್ರ ಉಳಿಯುತ್ತದೆ. ಮಾರೆಯ ಕಪ್ಪು ಉಡುಪು ಮಾಡಿದ್ದೂ ಇದನ್ನೇ. ಸ್ವಲ್ಪವೇ ಉದಾಹರಣೆಗಳಿಂದ ಹೆಚ್ಚು ಕಲಿಯಲು ಇದರಿಂದ ಸಾಧ್ಯವಾಗುತ್ತದೆ; ಭಾರತೀಯ ಸಂಜ್ಞಾಭಾಷೆಯಲ್ಲಿ ಉದಾಹರಣೆಗಳೇ ಕಡಿಮೆ. ಮದ್ರಾಸ್ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು ಚೆನ್ನೈನ ಶ್ರವಣದೋಷವುಳ್ಳ ಮಕ್ಕಳ ಶಾಲೆಯ ನೆರವಿನಿಂದ 2020ರಲ್ಲಿ ಪ್ರಕಟಿಸಿದ ಸಂಗ್ರಹದಲ್ಲಿದ್ದದ್ದು 263 ಪದಗಳು, 4,287 ವಿಡಿಯೊಗಳು. ನಿಘಂಟಿನ ಹತ್ತು ಸಾವಿರದ ಮುಂದೆ ಇದನ್ನಿಟ್ಟು ನೋಡಬೇಕು. 2024ರಲ್ಲಿ ಕಾನ್ಪುರದ ಸಂಸ್ಥೆಯವರು ಒಂದು ಲಕ್ಷಕ್ಕೂ ಹೆಚ್ಚು ವಾಕ್ಯಗಳ ಸಂಗ್ರಹವನ್ನು ಹೊರತಂದರಾದರೂ, ಬಿಡಿ ಪದವನ್ನು ಗುರುತಿಸುವುದಕ್ಕೂ ವಾಕ್ಯವನ್ನು ಅರ್ಥಮಾಡಿಕೊಳ್ಳುವುದಕ್ಕೂ ಬಹಳ ಅಂತರವಿದೆ. ಸಂಜ್ಞಾಭಾಷೆಯ ವ್ಯಾಕರಣ ಕೈಯಲ್ಲಿ ಮಾತ್ರವಿಲ್ಲ, ಮುಖದಲ್ಲಿಯೂ ಇದೆ. ಅದೇ ಕೈಸನ್ನೆ ಹುಬ್ಬೇರಿಸಿದಾಗ ಪ್ರಶ್ನೆಯಾಗುತ್ತದೆ, ತಲೆಯಾಡಿಸಿದಾಗ ನಿಷೇಧವಾಗುತ್ತದೆ. ಹುಬ್ಬನ್ನು ಬಿಟ್ಟ ಯಂತ್ರವು ‘ನೋವಿದೆಯೇ?’ ಎಂಬುದನ್ನು ‘ನೋವಿದೆ’ ಎಂದು ಬರೆದುಕೊಂಡರೆ ಆಸ್ಪತ್ರೆಯಲ್ಲಿ ಏನಾದೀತು?

2023ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ವಕೀಲೆ, ಶ್ರವಣದೋಷವುಳ್ಳ ಸಾರಾ ಸನ್ನಿ ಅವರು ಸಂಜ್ಞಾಭಾಷಾ ದುಭಾಷಿಯ ನೆರವಿನೊಡನೆ ವಿಡಿಯೊ ಮೂಲಕ ದೆಹಲಿಯ ಸರ್ವೋಚ್ಚ ನ್ಯಾಯಾಲಯದ ಕಲಾಪದಲ್ಲಿ ಹಾಜರಾದರು. 2024ರ ಏಪ್ರಿಲ್‌ನಲ್ಲಿ ಅವರು ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ವಾದ ಮಂಡಿಸಿದರು. ಆಗಲೂ ಅವರ ಪಕ್ಕದಲ್ಲಿದ್ದದ್ದು ಮನುಷ್ಯ ದುಭಾಷಿಯೇ. ಯಂತ್ರ ಬರುತ್ತಿದೆಯೆಂದು ದುಭಾಷಿಗಳ ತರಬೇತಿಯನ್ನು ಯಾರಾದರೂ ಕಡಿಮೆ ಮಾಡಹೊರಟರೆ ಅದು ತಪ್ಪು ನಿರ್ಧಾರವಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ನಿಘಂಟಿನಲ್ಲಿ ಪದವೊಂದನ್ನು ಕೈಸನ್ನೆಯಿಂದಲೇ ಹುಡುಕಿಕೊಡುವುದು, ಕಲಿಯುವ ಮಗುವಿನ ಬೆರಳನ್ನು ತಿದ್ದುವುದು, ಇಂಥ ಕೆಲಸಗಳಿಗೆ ಯಂತ್ರವನ್ನು ನೆಚ್ಚಿಕೊಳ್ಳುವ ದಿನಗಳು ಹತ್ತಿರದಲ್ಲಿವೆ.

ಬೀದಿಯ ಕ್ಯಾಮೆರಾಗಳ ವಿಷಯ ಬೇರೆ. ದೆಹಲಿಯ ಮಾರುಕಟ್ಟೆ, ನಿಲ್ದಾಣ, ವಸತಿ ಸಮುಚ್ಚಯಗಳಲ್ಲಿ ಕ್ಯಾಮೆರಾ ಇಲ್ಲದ ಮೂಲೆ ಅಪರೂಪ. ಅವುಗಳ ಹಿಂದೆ ಭಂಗಿಯನ್ನು ಓದುವ ಗಣಕವಿದ್ದರೆ, ಯಾರು ಬಿದ್ದರು, ಯಾರು ಓಡಿದರು, ಯಾರು ಕೈಯೆತ್ತಿದರು ಎಂಬುದನ್ನು ಅದು ಬರೆದುಕೊಳ್ಳಬಲ್ಲದು. ಒಂಟಿಯಾಗಿರುವ ವೃದ್ಧರು ಬಿದ್ದಾಗ ಮಕ್ಕಳಿಗೆ ತಿಳಿಸುವ ಸಾಧನಗಳು ಈ ತತ್ತ್ವದಿಂದಲೇ ಬಂದಿವೆ, ಅವು ಒಳ್ಳೆಯವೇ. ಆದರೆ ದೇವರ ಮನೆಯಲ್ಲಿ ಸಾಷ್ಟಾಂಗ ನಮಸ್ಕಾರ ಮಾಡುವ ಅಜ್ಜನಿಗೂ ಕುಸಿದುಬಿದ್ದ ಅಜ್ಜನಿಗೂ ಹದಿನೇಳು ಚುಕ್ಕೆಗಳಲ್ಲಿ ಕಾಣುವ ವ್ಯತ್ಯಾಸ ಬಲು ಸಣ್ಣದು. ನೋಯ್ಡಾದಲ್ಲಿ ಕೆಲಸದಲ್ಲಿರುವ ಮಗನಿಗೆ ದಿನವೂ ಬೆಳಿಗ್ಗೆ ಎಚ್ಚರಿಕೆಯ ಗಂಟೆ ಬಾರಿಸಿದರೆ ನಾಲ್ಕನೆಯ ದಿನ ಆತ ಅದನ್ನು ನಿಲ್ಲಿಸಿಬಿಡುತ್ತಾನೆ. ಐದನೆಯ ದಿನ ಅಜ್ಜ ನಿಜವಾಗಿಯೂ ಬೀಳಬಹುದು.

ನಡಿಗೆಯಿಂದ ವ್ಯಕ್ತಿಯನ್ನೇ ಗುರುತಿಸುವ ಪ್ರಯೋಗಗಳೂ ಹಲವು ದೇಶಗಳಲ್ಲಿ ನಡೆದಿವೆ. ಮುಖವನ್ನು ಮರೆಮಾಡಬಹುದು, ನಡಿಗೆಯನ್ನು ಮರೆಮಾಡುವುದು ಕಷ್ಟ. 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ.ಎಸ್. ಪುಟ್ಟಸ್ವಾಮಿಯವರು. ಅವರು 2024ರಲ್ಲಿ ನಿಧನರಾದರು. 2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವನ್ನು ಅಂಗೀಕರಿಸಿತು. ಮುಖವಿಲ್ಲದ, ಬರಿಯ ಕೀಲುಗಳ ಚುಕ್ಕೆಚಿತ್ರದಿಂದ ಒಬ್ಬರನ್ನು ಗುರುತಿಸಬಹುದಾದರೆ, ಆ ಚುಕ್ಕೆಗಳೂ ಆ ವ್ಯಕ್ತಿಯ ಸ್ವಂತ ದತ್ತಾಂಶವೇ ಎಂದು ನಾನು ವಾದಿಸುತ್ತೇನೆ. ತಮ್ಮ ವಸತಿ ಸಮುಚ್ಚಯದ ಸಂಘವು ಇಂಥ ಕ್ಯಾಮೆರಾ ತರಿಸಲು ಹೊರಟಾಗ, ಚಿತ್ರ ಎಷ್ಟು ದಿನ ಉಳಿಯುತ್ತದೆ, ಯಾರು ನೋಡುತ್ತಾರೆ, ತಪ್ಪಾಗಿ ಓದಿದರೆ ದೂರು ಕೊಡುವುದು ಯಾರಿಗೆ ಎಂದು ಸಭೆಯಲ್ಲಿ ಕೇಳಿ, ಉತ್ತರವನ್ನು ನಡಾವಳಿಯ ಪುಸ್ತಕದಲ್ಲಿ ಬರೆಯಿಸಿರಿ.

ಸಭಾಂಗಣದ ಹೊರಗೆ ಮೇಜಿನ ಮೇಲೆ ಒಂದು ಗಣಕಯಂತ್ರವನ್ನೂ ಕ್ಯಾಮೆರಾವನ್ನೂ ಇಡಲಾಗಿದೆ. ಅದರ ಮುಂದೆ ನಿಂತವರ ಕೀಲುಗಳನ್ನು ಅದು ಪರದೆಯ ಮೇಲೆ ತೋರಿಸುತ್ತದೆ. ಯಾರ ಚಿತ್ರವನ್ನೂ ಉಳಿಸಿಕೊಳ್ಳುವುದಿಲ್ಲ. ಸೀರೆ ಮತ್ತು ಪಂಚೆ ಉಟ್ಟು ಬಂದವರು ದಯವಿಟ್ಟು ಮೊದಲು ನಿಲ್ಲಬೇಕೆಂದು ಕೋರುತ್ತೇನೆ. ಕೆಳಗೆ ಕೂರಲು ಚಾಪೆಯೂ ಇದೆ.